ಬಚ್ಚಲುಮನೆಯ ಚಿಲಕ

ಬಚ್ಚಲುಮನೆಯ ಚಿಲಕ ಕಿತ್ತವನು ಅನಂತರಾಜು. ಬಾವಿಯ ಹಗ್ಗ ಬಿಚ್ಚಿ ಅಟ್ಟಕ್ಕೆ ಎಸೆದವಳು ಅವನ ತಾಯಿ ಸರಸಮ್ಮ. ಸೊಪ್ಪಿಗೆ ಹೊಡೆಯುವ ಔಷಧಿಯ ಡಬ್ಬವನ್ನು ಟವೆಲಿನಲ್ಲಿ ಸುತ್ತಿ ಪಕ್ಕದ ಮನೆ ಮಾರಕ್ಕನ ಕೈಗೆ ಕೊಟ್ಟು ಬಂದವನು ತಂದೆ ಬೋರಲಿಂಗಯ್ಯ. ಮೂವರೂ ಒಂದೇ ದಿನ, ಒಬ್ಬರಿಗೊಬ್ಬರು ಹೇಳದೆ ಮಾಡಿದ ಕೆಲಸ. ಸಂಜೆ ನೋಡಿದರೆ ನೀರು ಸೇದಲು ಹಗ್ಗವಿಲ್ಲ, ಹುಲ್ಲು ಕೊಯ್ಯಲು ಕುಡುಗೋಲಿಲ್ಲ, ಕಾಯಿ ಸುಲಿಯಲು ಮಚ್ಚಿಲ್ಲ. ಕಳ್ಳ ನುಗ್ಗಿದ ಮನೆಯಲ್ಲೂ ಇಷ್ಟು ಸಾಮಾನು ಕಾಣೆಯಾಗುವುದಿಲ್ಲ ಬಿಡಿ.

ಆದರೂ “ಹಗ್ಗ ಎಲ್ಲಿ?” ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಕೇಳಿದರೆ ಆ ಮಾತು ಬಾಯಿಗೆ ಬರುತ್ತದೆ, ಬಾಯಿಗೆ ಬಂದರೆ ನಿಜವಾಗಿಬಿಡುತ್ತದೆ ಎಂಬ ಭಯ. ಆ ದಿನ ಹಸುವಿಗೆ ನೀರನ್ನು ಮಾರಕ್ಕನ ಮನೆಯಿಂದ ಹೊತ್ತು ತಂದರು.

ಭಯ ಇದ್ದದ್ದು ಸೊಸೆ ರಾಧಾಮಣಿಯ ವಿಚಾರಕ್ಕೆ.

ರಾಧಾಮಣಿ ಎಂದರೆ ಹುಣಸೇದೊಡ್ಡಿಯಲ್ಲಿ ಅಷ್ಟಿಷ್ಟು ಹೆಸರಲ್ಲ. ದೊಡ್ಡಆಲಹಳ್ಳಿಯ ತವರಿನಿಂದ ಬರೀ ಎಸ್ಸೆಸ್ಸೆಲ್ಸಿ ಪಾಸಾಗಿ ಬಂದವಳು. ಮಗಳು ಶ್ವೇತ ಸ್ಕೂಲಿಗೆ ಸೇರಿದ ವರ್ಷ ಬಿಡದಿ ಹತ್ತಿರದ ಗಾರ್ಮೆಂಟ್ಸಿಗೆ ಹೆಲ್ಪರ್ ಆಗಿ ಸೇರಿದಳು. ದಾರ ಕತ್ತರಿಸುವ ಕೆಲಸ. ಆಮೇಲೆ ಟೈಲರ್, ಆಮೇಲೆ ಸೂಪರ್‌ವೈಸರ್, ನಡುವೆ ಬಸ್ಸಿನಲ್ಲೇ ಓದಿಕೊಂಡು ಬಿ.ಎ., ಈಗ ಇಡೀ ಫ್ಲೋರಿಗೆ ಮ್ಯಾನೇಜರ್. ಅವಳು ಮೈಕ್ ಹಿಡಿದರೆ ಹೊಲಿಗೆ ಮೆಷಿನ್‌ಗಳೂ ನೆಟ್ಟಗೆ ಕೂರುತ್ತವೆ ಎಂದು ಊರಿನ ಹುಡುಗಿಯರು ಹೇಳುತ್ತಿದ್ದರು.

ಮನೆಯಲ್ಲಿ ಅವಳಿಗೆ ಇನ್ನೊಂದು ಹುದ್ದೆಯಿತ್ತು. ಇದು ರೇಷ್ಮೆ ಹುಳ ಸಾಕುವ ಮನೆ. ಮರಿಹುಳ ತಂದ ದಿನ ಮೊದಲ ಹಿಡಿ ಹಿಪ್ಪುನೇರಳೆ ಸೊಪ್ಪನ್ನು ಯಾರೆಂದರೆ ಅವರು ಹಾಕುವ ಹಾಗಿಲ್ಲ, ಕೈಗುಣ ನೋಡಬೇಕು. ಮದುವೆಯಾದ ವರ್ಷ ಸರಸಮ್ಮ ಹೊಸ ಸೊಸೆಯ ಕೈಯಲ್ಲಿ ಹಾಕಿಸಿದಳು. ಬೆಳೆ ಭರ್ತಿ ಬಂತು. ಮುಗಿಯಿತು, ಅಲ್ಲಿಂದ ಪ್ರತಿ ಬೆಳೆಗೂ ಅವಳೇ. ಕಾರ್ಖಾನೆಯ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆಯುತ್ತಿದ್ದರೂ ಸೊಪ್ಪು ಹಾಕಿಯೇ ಓಡಬೇಕು. ಇಷ್ಟು ವರ್ಷದಲ್ಲಿ ಒಂದು ಬೆಳೆಯೂ ಕೈಕೊಟ್ಟಿರಲಿಲ್ಲ. “ನನ್ ಸೊಸೆ ಕೈ ಹಾಕಿದ್ರೆ ಸೋಲಿಲ್ಲ” ಎನ್ನುವುದು ಸರಸಮ್ಮನ ಬಾಯಿಪಾಠ.

ರಾಮನಗರ ಜಿಲ್ಲೆಯಾದ ವರ್ಷ, ಆಷಾಢದಲ್ಲಿ, ಕಂಪನಿಯವರು ಕನಕಪುರ ರಸ್ತೆಯಲ್ಲಿ ತೆರೆಯುವ ಹೊಸ ಯೂನಿಟ್ಟಿಗೆ ಅವಳನ್ನೇ ಮುಖ್ಯಸ್ಥೆ ಮಾಡುವುದಾಗಿ ಹೇಳಿದರು. ಬೋರಲಿಂಗಯ್ಯ ಊರಿಗೆಲ್ಲ ಮೈಸೂರುಪಾಕು ಹಂಚಿದ. ಆ ವಾರ ಕಳೆಯುವುದರೊಳಗೆ ರಾಧಾಮಣಿ ಫ್ಲೋರಿನಲ್ಲಿ ಮೈಕ್ ಹಿಡಿದು ನಿಂತವಳು ಮಾತೇ ಹೊರಡದೆ, ಚೆಕಿಂಗ್ ಟೇಬಲ್ಲಿನ ಕೆಳಗೆ ಹೋಗಿ ಮೊಣಕಾಲು ತಬ್ಬಿಕೊಂಡು ಕುಳಿತುಬಿಟ್ಟಳು. ಕಂಪನಿಯ ಜೀಪಿನಲ್ಲಿ ಮನೆಗೆ ತಂದು ಬಿಟ್ಟರು.

ರಕ್ತ ನೋಡಿದರು, ಬಿ.ಪಿ. ನೋಡಿದರು, ಶುಗರ್ ನೋಡಿದರು. ಎಲ್ಲ ಸರಿಯಿತ್ತು. ಎಲ್ಲ ಸರಿಯಿದ್ದವಳು ಹಾಸಿಗೆ ಬಿಟ್ಟು ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದರೆ ಮಧ್ಯಾಹ್ನವೂ ಹಾಗೇ, ಸಂಜೆಯೂ ಹಾಗೇ. ಸರಸಮ್ಮ ದೃಷ್ಟಿ ತೆಗೆದಳು, ತಾಯಿತ ಕಟ್ಟಿಸಿದಳು. ಕಂಪನಿಯ ಫೋನು ಬಡಿದುಕೊಳ್ಳುತ್ತಲೇ ಇದ್ದುದರಿಂದ ಅನಂತರಾಜು ಅದನ್ನು ಆಫ್ ಮಾಡಿ ಅಕ್ಕಿಯ ಡಬ್ಬದೊಳಗೆ ಹೂತಿಟ್ಟ.

ಒಂದು ದಿನ ಶ್ವೇತ ತಾಯಿಯನ್ನು ಎಬ್ಬಿಸಿ ಕೂರಿಸಿಕೊಂಡು ತಲೆ ಬಾಚುತ್ತಿದ್ದಳು. ಹುಡುಗಿ ಪಿಯುಸಿ ಓದುತ್ತಿದ್ದಳು. ರಾಧಾಮಣಿ ಕಿಟಕಿ ಕಡೆ ನೋಡುತ್ತ, ಅಡುಗೆ ಏನು ಎಂದು ಕೇಳುವಷ್ಟೇ ಸಲೀಸಾಗಿ, “ನಾಳೆ ಬೆಳಿಗ್ಗೆ ನಾನು ಏಳ್ದೇ ಹೋದ್ರೆ ಎಷ್ಟು ಚೆಂದ ಅಲ್ವಾ ಮಗಾ?” ಎಂದಳು.

ಶ್ವೇತ ಬಾಚಣಿಗೆ ಅಲ್ಲೇ ಬಿಟ್ಟು ಕೊಟ್ಟಿಗೆಗೆ ಓಡಿ ಅಪ್ಪನಿಗೆ ಹೇಳಿದಳು, ಅಲ್ಲೇ ಇದ್ದ ಅಜ್ಜಿ, ತಾತನ ಕಿವಿಗೂ ಬಿತ್ತು. ಚಿಲಕ, ಹಗ್ಗ, ಔಷಧಿ ಡಬ್ಬ ಎಲ್ಲ ಹೋದದ್ದು ಆ ದಿನವೇ.

ಅಂದಿನಿಂದ ರಾಧಾಮಣಿ ಸ್ನಾನಕ್ಕೆ ಹೋದರೆ ಶ್ವೇತ ಬಾಗಿಲ ಹೊರಗೆ ನಿಂತು ಏನಾದರೊಂದು ಕೇಳುತ್ತಲೇ ಇರಬೇಕು. “ಅಮ್ಮ, ಸೋಪು ಐತಾ? ಅಮ್ಮ, ನೀರು ಬಿಸಿ ಐತಾ?” ಒಳಗಿನಿಂದ ಹೂಂ ಎಂದು ಬರುವವರೆಗೆ ಹುಡುಗಿ ಬಾಗಿಲು ಬಿಟ್ಟು ಅಲ್ಲಾಡುತ್ತಿರಲಿಲ್ಲ.

ರಾಮನಗರದ ಡಾಕ್ಟರು ಒಬ್ಬರು, “ಇದು ಮೈ ಕಾಯಿಲೆ ಅಲ್ಲ, ಫಿರೋಜಾ ಮೇಡಂ ಹತ್ತಿರ ಕರ್ಕೊಂಡು ಹೋಗಿ” ಎಂದು ಕಳಿಸಿದರು. ಫಿರೋಜಾ ಮೇಡಂ ಮನಸ್ಸಿನ ಡಾಕ್ಟರು. ಮೆಡಿಕಲ್ ಸ್ಟೋರ್ ಒಂದರ ಮೇಲಿನ ಮಹಡಿಯಲ್ಲಿ ಪ್ರತಿ ಬುಧವಾರ ಕೂರುತ್ತಿದ್ದರು. ಮಾತ್ರೆ ಸ್ವಲ್ಪ, ಮಾತೇ ಜಾಸ್ತಿ. ವಾರ ವಾರ ಬಂದು ಕೂತು ಮಾತಾಡಬೇಕು, ತಿಂಗಳುಗಟ್ಟಲೆ ಆಗಬಹುದು ಎಂದರು.

ರಾತ್ರಿ ಮುದ್ದೆಗೆ ಕೂತಾಗ ಬೋರಲಿಂಗಯ್ಯ ಶುರು ಮಾಡಿದ.

“ಬರೀ ಮಾತಾಡಕ್ಕೆ ರಾಮನಗರದಗಂಟ ಹೋಗ್ಬೇಕೇನ್ಲಾ? ನಮ್ಮನೇಲಿ ಯಾರ್ಗೂ ಬಾಯಿಲ್ವಾ?”

“ಐತೆ ಅಪ್ಪಯ್ಯ. ಆ ಬಾಯಲ್ಲಿ ನೀನು ಅವಳನ್ನ ಒಂದ್ ಮಾತು ಕೇಳಿದ್ದೀಯಾ?”

“ಏನಂತ ಕೇಳ್ಲಿ?”

ಅನಂತರಾಜು ಮುದ್ದೆ ಮುರಿಯತೊಡಗಿದ. ಏನಂತ ಕೇಳಬೇಕೆಂದು ಅವನಿಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು.

“ಉಣ್ಣೋ ಹೊತ್ನಲ್ಲಿ ಆ ಮಾತು ಬ್ಯಾಡ,” ಎಂದು ಸರಸಮ್ಮ ಇಬ್ಬರ ತಟ್ಟೆಗೂ ಬಸ್ಸಾರು ಸುರಿದಳು. “ಊರಲ್ಲಿ ಯಾರಾನಾ ಕೇಳುದ್ರೆ ಸೊಂಟನೋವು ಅಂತ ಹೇಳಿ.”

ಬುಧವಾರಗಳು ಶುರುವಾದವು. ರಾಧಾಮಣಿ ಒಳಗೆ, ಸರಸಮ್ಮ ಮತ್ತು ಅನಂತರಾಜು ಹೊರಗೆ ಬೆಂಚಿನ ಮೇಲೆ. ಒಳಗಿನ ಮಾತು ಒಂದಕ್ಷರವೂ ಕೇಳುತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು ತಾಯಿ ಮಗನ ಪಾಡು.

“ಎದ್ದು ಮುದ್ದೆ ಬೇಯಿಸಿಟ್ಟು ಬಸ್ಸಿಗೋಗು ಅಂತಿದ್ನಲ್ಲ ನಾನು, ಅದ್ನೆಲ್ಲ ಹೇಳ್ತಾವ್ಳೇನ್ಲಾ?” ಎಂದು ಸರಸಮ್ಮ ಪಿಸುಗುಟ್ಟಿದಳು.

“ಹೇಳ್ಲಿ ಬುಡವ್ವ. ನಾನು ಮಾಡಿರೋದೂ ಕಮ್ಮಿ ಏನಿಲ್ಲ.”

ವಾಪಸು ಬರುವ ಬಸ್ಸಿನಲ್ಲಿ ಸರಸಮ್ಮನಿಗೆ ತಡೆಯಲಾಗಲಿಲ್ಲ. “ಏನವ್ವ ಮಾತಾಡ್ದೆ ಅಷ್ಟೊತ್ತು?”

“ನಮ್ಮಪ್ಪನ ವಿಚಾರ, ಅತ್ತೆ.”

“ಅಯ್ಯೋ, ಅವರು ತೀರ್ಕೊಂಡು ಎಷ್ಟು ವರ್ಷ ಆಯ್ತು!”

“ಹೂಂ. ಅವತ್ತು ಶಿಪ್‌ಮೆಂಟ್ ಇತ್ತು. ಮಣ್ಣು ಮಾಡಿ ಬಂದು ಫ್ಲೋರಿಗೆ ಹೋಗಿ ನಿಂತೆ. ಅಳಕ್ಕೆ ಪುರಸೊತ್ತೇ ಆಗ್ಲಿಲ್ಲ. ಇವತ್ತು ಅಲ್ಲಿ ಅತ್ತುಬಿಟ್ಟೆ ನೋಡಿ, ಮೂಗು ಒರೆಸಿ ಒರೆಸಿ ಸಾಕಾಯ್ತು.”

ಸರಸಮ್ಮ ಸೊಸೆಯ ಮುಖ ನೋಡಿದಳು. ಊದಿಕೊಂಡಿತ್ತು ನಿಜ, ಆದರೆ ಎಷ್ಟೋ ದಿನದ ಮೇಲೆ ಅದು ರಾಧಾಮಣಿಯ ಮುಖದ ಹಾಗೆ ಕಂಡಿತು. ಆ ವಾರ ರಾಧಾಮಣಿ ಅಡುಗೆಮನೆಗೆ ಬಂದು ಎಲ್ಲರ ಜೊತೆ ಕುಳಿತು ಉಂಡಳು. ಇನ್ನೊಂದು ಸೌಟು ಸಾರು ಎಂದು ತಾನಾಗಿ ಕೇಳಿದಳು. ಸರಸಮ್ಮ ಸಾರು ಬಡಿಸುವ ಭರದಲ್ಲಿ ನೆಲದ ಮೇಲೂ ಚೆಲ್ಲಿದಳು.

ನಾಲ್ಕನೇ ಬುಧವಾರ ಫಿರೋಜಾ ಮೇಡಂ ರಾಧಾಮಣಿಯ ಒಪ್ಪಿಗೆ ಪಡೆದು, ಮನೆಯವರನ್ನೂ ಒಳಗೆ ಕರೆದರು.

“ಇವರು ಹುಷಾರಾಗ್ತಾರೆ. ಆದರೆ ನಿಧಾನ. ಔಷಧಿ, ಹಗ್ಗ ಎಲ್ಲ ದೂರ ಇಟ್ಟಿದ್ದೀರಂತೆ, ಒಳ್ಳೇ ಕೆಲಸ ಮಾಡಿದ್ದೀರಿ, ಸದ್ಯಕ್ಕೆ ಹಾಗೇ ಇರಲಿ. ಆದರೆ ನಿಮಗೆ ಭಯ ಆದಾಗ ಇವರನ್ನೇ ಕೇಳಿ. ಸಾಯಬೇಕು ಅನ್ಸುತ್ತಾ ಅಂತ ನೇರವಾಗಿ ಕೇಳಿ.”

“ಬುಡ್ತು ಅನ್ನಿ ಡಾಕ್ಟ್ರೇ!” ಸರಸಮ್ಮ ಕಿವಿ ಮುಚ್ಚಿಕೊಂಡಳು.

“ಕೇಳಿದ್ರೆ ಆ ಯೋಚನೆ ಹೊಸದಾಗಿ ಬರಲ್ಲ ಅಮ್ಮ. ಕೇಳದೇ ಇದ್ರೆ ಇವರು ಅದನ್ನ ಒಬ್ಬರೇ ಹೊತ್ಕೋಬೇಕು. ಮುಚ್ಚಿಡಬೇಡಿ, ಅಷ್ಟೇ. ಇನ್ನು, ಮನೆಯಲ್ಲಿ ಏನಾದರೂ ಸಣ್ಣ ಕೆಲಸ ಮಾಡಲಿ. ಸೋಲು ಗೆಲುವು ಇಲ್ಲದ್ದು.”

ಮೊದಲನೆಯ ಮಾತನ್ನು ಸರಸಮ್ಮ ಮೆಟ್ಟಿಲಿಳಿಯುವಾಗಲೇ ಮರೆತಳು. ಕಡೆಯ ಮಾತು ಮಾತ್ರ ಗಟ್ಟಿಯಾಗಿ ನಿಂತಿತು. ಆ ವಾರ ಮನೆಗೆ ಮರಿಹುಳ ಬರುವುದಿತ್ತು. ಮೊದಲ ಹಿಡಿ ಸೊಪ್ಪು ಹಾಕುವುದಕ್ಕೆ ಎಷ್ಟು ಹೊತ್ತು? ಅದರಲ್ಲಿ ಸೋಲೆಲ್ಲಿ ಬಂತು? ಇವಳ ಕೈ ಸೋತಿದ್ದೇ ಇಲ್ಲವಲ್ಲ! ಅನಂತರಾಜುವಿಗೂ ಹೌದೆನಿಸಿತು. ಬೋರಲಿಂಗಯ್ಯ ಅಂತೂ, “ಅವಳ ಮರ್ಯಾದೆ ಅವಳಿಗೆ ಕೊಟ್ಟಂಗೂ ಆಯ್ತದೆ” ಎಂದ. ಪಾಪ, ಮೂವರೂ ಪ್ರೀತಿಯಿಂದಲೇ ಯೋಚಿಸಿದ್ದು.

ಗೌರಿ ಹಬ್ಬ ಕಳೆದ ಸೋಮವಾರ ರಾಧಾಮಣಿಗೆ ಎಣ್ಣೆನೀರು ಹಾಕಿ ಹುಳದ ಮನೆಯ ಬಾಗಿಲಿಗೆ ಕರೆದುಕೊಂಡು ಹೋದರು.

“ನಾನ್ಯಾಕತ್ತೆ? ಈ ಸಲ ಶ್ವೇತ ಹಾಕ್ಲಿ.”

“ನಿನ್ ಕೈಗೆ ಸೋಲಿಲ್ಲ ಕಣವ್ವ. ಹಾಕು, ಹಾಕು.”

ರಾಧಾಮಣಿ ಸೊಪ್ಪು ಹಾಕಿದಳು. ಹೊರಗೆ ಬಂದವಳು ಮತ್ತೆ ಮತ್ತೆ ಕೈ ತೊಳೆದುಕೊಂಡಳು. ಅಂದಿನಿಂದ ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದೇ ಪ್ರಶ್ನೆ: “ಹುಳ ಹೆಂಗವೆ?”

“ಚೆನ್ನಾಗವೆ.”

ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತಾಗ ಮತ್ತೆ, “ಹುಳ ಹೆಂಗವೆ?” ಮುದ್ದೆ ಅರ್ಧಕ್ಕೇ ಉಳಿಯತೊಡಗಿತು.

ಚೆನ್ನಾಗಿದ್ದದ್ದೂ ನಿಜವೇ, ಕಡೆಯ ವಾರದವರೆಗೆ. ಆಮೇಲೆ ಒಂದು ಬೆಳಿಗ್ಗೆ ಅನಂತರಾಜು ಸೊಪ್ಪು ಹಾಕಲು ಹೋದವನು ಬರಿಗೈಯಲ್ಲಿ ಹೊರಗೆ ಬಂದು ಜಗುಲಿಯ ಮೇಲೆ ಕುಸಿದ. ಹಾಲುರೋಗ. ಹುಳ ಊದಿಕೊಂಡು, ಮುಟ್ಟಿದರೆ ಹಾಲಿನಂಥ ನೀರು ಬಿಟ್ಟು ಒಡೆಯುತ್ತಿದ್ದವು. ಮಾರನೇ ದಿನಕ್ಕೆ ಹುಳದ ತಟ್ಟೆ ತಟ್ಟೆಯೇ ಹೋಯಿತು.

ಬೆಳೆ ಹೋದದ್ದಕ್ಕೆ ಯಾರೂ ಅಳಲಿಲ್ಲ. ಹೋದರೆ ಹೋಗಲಿ, ಇನ್ನೊಂದು ಬೆಳೆ ಇಟ್ಟುಕೊಂಡರಾಯಿತು. ಆದರೆ ರಾಧಾಮಣಿಗೆ ಗೊತ್ತಾದರೆ? ಕೊಟ್ಟಿಗೆಯಲ್ಲಿ ಹಸುವಿನ ಮರೆಯಲ್ಲಿ ನಿಂತು ನಾಲ್ವರೂ ಪಿಸುಗುಟ್ಟಿದರು.

“ಹೇಳ್ಬಿಡಿ ತಾತ,” ಎಂದಳು ಶ್ವೇತ. “ಮುಚ್ಚಿಡಬೇಡಿ ಅಂತ ಡಾಕ್ಟ್ರು ಹೇಳಿರ್ಲಿಲ್ವಾ?”

“ನೀನು ಸುಮ್ಕಿರಮ್ಮಿ. ಏನಾನಾ ಮಾಡ್ಕೊಂಡ್ಬುಟ್ರೆ ಡಾಕ್ಟ್ರು ಬತ್ತಾರಾ?”

“ಗೊತ್ತಾದ್ ಮೇಲೆ?”

“ಗೊತ್ತಾದ್ರೆ ತಾನೇ,” ಎಂದಳು ಸರಸಮ್ಮ.

ಸತ್ತ ಹುಳಗಳನ್ನು ಹಿತ್ತಲ ತಿಪ್ಪೆಯ ಆಚೆ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಡಾಕ್ಟರ ಹತ್ತಿರ ಹೋಗಿ ಬರುವವರು ಹುಳದ ಮನೆಗೆ ಕಾಲಿಡಬಾರದು ಎಂದು ಸರಸಮ್ಮ ಹೊಸ ಮಡಿ ಹೂಡಿದಳು. ತಾನೂ ಅದೇ ಡಾಕ್ಟರ ಬೆಂಚಿನ ಮೇಲೆ ಕೂತು ಬರುತ್ತಿದ್ದಳು ಎನ್ನುವುದು ಬೇರೆ ವಿಚಾರ. ಆಮೇಲೆ ಮಾರಕ್ಕನ ಕೈಕಾಲು ಹಿಡಿದರು. ಅವಳ ಹುಳ ಮೊದಲೇ ಹಣ್ಣಾಗಿ, ಸೊಪ್ಪು ತಿನ್ನುವುದು ಬಿಟ್ಟು, ಚಂದ್ರಿಕೆ ಎನ್ನುವ ಬಿದಿರಿನ ತಟ್ಟಿಗಳ ತುಂಬ ಗೂಡು ಕಟ್ಟಿದ್ದವು. ಒಂದು ಮಧ್ಯಾಹ್ನದ ಮಟ್ಟಿಗೆ ಆ ಚಂದ್ರಿಕೆಗಳನ್ನು ತಂದು ತಮ್ಮ ಅಂಗಳದಲ್ಲಿ ನಿಲ್ಲಿಸಿದರು.

“ಬಾರವ್ವ, ನೋಡು ಬಾ. ನಿನ್ ಕೈಗುಣ!”

ರಾಧಾಮಣಿ ಹೊರಗೆ ಬಂದಳು. ಚಂದ್ರಿಕೆಯ ಮುಂದೆ ನಿಂತು ಒಂದು ಗೂಡನ್ನು ಬೆರಳಲ್ಲಿ ಒತ್ತಿ ನೋಡಿದಳು. ಮಾವನ ಮುಖ ನೋಡಿದಳು, ಗಂಡನ ಮುಖ ನೋಡಿದಳು. ಮಗಳು ತಲೆ ಬಗ್ಗಿಸಿ ನಿಂತಿದ್ದಳು.

“ಚೆನ್ನಾಗ್ ಬಂದೈತೆ,” ಎಂದು ಒಳಗೆ ಹೋದಳು.

ಆ ರಾತ್ರಿ ಅವಳು ಪೂರ್ತಿ ಮುದ್ದೆ ಉಂಡಳು. ಸರಸಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಎಷ್ಟೋ ದಿನದ ಮೇಲೆ ಮನೆಯವರೆಲ್ಲ ಗಾಢವಾಗಿ ನಿದ್ದೆ ಮಾಡಿದರು.

ಬೆಳಿಗ್ಗೆ ಹಾಸಿಗೆ ಖಾಲಿ.

ಅನಂತರಾಜು ಮೊದಲು ಓಡಿದ್ದು ಬಾವಿಗೆ. ಬಗ್ಗಿ ನೋಡಿದ, ಏನೂ ಕಾಣಲಿಲ್ಲ, ಮತ್ತೆ ಬಗ್ಗಿದ. ಅಲ್ಲಿಂದ ಕೆರೆಯ ಕಡೆಗೆ ಓಡಿದ, ಚಪ್ಪಲಿ ಎಲ್ಲಿ ಬಿತ್ತೋ ಗೊತ್ತಿಲ್ಲ. ಫೋನ್ ಮಾಡೋಣವೆಂದರೆ ಅವಳ ಫೋನು ಅಕ್ಕಿಯ ಡಬ್ಬದಲ್ಲಿ! ಶ್ವೇತ ರಸ್ತೆಗೆ ಓಡಿ ಅಮ್ಮ ಬಸ್ಸು ಹತ್ತಿದಳಾ ಎಂದು ಸಿಕ್ಕಸಿಕ್ಕವರನ್ನು ಕೇಳಿದಳು. ಸೊಂಟನೋವಿನವಳು ಬೆಳಿಗ್ಗೆ ಬೆಳಿಗ್ಗೆ ಎಲ್ಲಿಗೆ ಹೋದಾಳು ಎಂದು ಅವರು ತಿರುಗಿ ಕೇಳಿದರು. ಸರಸಮ್ಮ ಹೊಸ್ತಿಲ ಮೇಲೆ ಕುಳಿತು, “ನನ್ ಮಗಳೇ, ನನ್ನವ್ವ, ಎಲ್ಲೋದ್ಯೆ” ಎನ್ನುತ್ತಿದ್ದಳು, ಅಷ್ಟೇ. ಸೊಸೆಯನ್ನು ಅವಳು ಮಗಳೆಂದು ಕರೆದದ್ದು ಅದೇ ಮೊದಲು.

“ಲೇ! ಇಲ್ಲೇ ಅವ್ಳೆ ಕಣ್ಲಾ!” ಹಿತ್ತಲಿಂದ ಬೋರಲಿಂಗಯ್ಯನ ಕೂಗು ಕೇಳಿತು.

ರಾಧಾಮಣಿ ತಿಪ್ಪೆಯ ಆಚೆ, ಸುಣ್ಣದ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದಳು. ಮೇಲಿನ ಮಣ್ಣನ್ನು ಕಡ್ಡಿಯಲ್ಲಿ ಕೆದಕಿದ್ದಳು. ಎಲ್ಲರೂ ಬಂದು ಸುತ್ತ ನಿಂತ ಮೇಲೆ ತಲೆಯೆತ್ತಿದಳು.

“ನಾನು ಸೊಪ್ಪು ಹಾಕಿದ್ದು ಹಬ್ಬ ಆದ ಸೋಮವಾರ. ಆ ಲೆಕ್ಕಕ್ಕೆ ನಿನ್ನೆಗೆ ಹುಳ ಹಣ್ಣೂ ಆಗಿರಕ್ಕಿಲ್ಲ. ಗೂಡು ಎಲ್ಲಿಂದ ಬಂತು ಮಾವ?” ಎಂದಳು. “ಇಷ್ಟು ವರ್ಷ ಡೇಟಿನ ಮೇಲೇ ಬದುಕಿರೋಳು ನಾನು. ದಿನ ಮರೆತು ಮಲಗಿದ್ದೀನಿ ಅಂದ್ಕೊಂಡ್ರಾ?”

ಬೋರಲಿಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡ.

“ಪ್ರತಿ ಬೆಳೇಗೂ ಸೊಪ್ಪು ಹಾಕಿ ಬಸ್ಸು ಹತ್ತಿದ್ರೆ ಗೂಡು ಮಾರ್ಕೆಟ್ಟಿಗೆ ಹೋಗೋ ತಂಕ ನನಗೆ ರಾತ್ರಿ ನಿದ್ದೆ ಇಲ್ಲ. ಎಲ್ಲಿ ಹೋಗ್ಬಿಡುತ್ತೋ, ಎಲ್ಲಿ ನನ್ ಕೈ ಸೋತೋಗುತ್ತೋ ಅಂತ. ಫ್ಲೋರಲ್ಲೂ ಅದೇ. ಈಗ ಹೋಯ್ತಲ್ಲ, ಹೋಯ್ತು ಅಂದಿದ್ರೆ ಆಗ್ತಿತ್ತು. ಯಾಕೆ ಸುಳ್ಳು ಹೇಳಿದ್ರಿ?”

“ನೀನು ಸತ್ತೋಯ್ತೀಯ ಅಂತ ಕಣೇ!” ಸರಸಮ್ಮ ಕಿರುಚಿದಳು. ತಿಂಗಳುಗಳಿಂದ ಆ ಮನೆಯಲ್ಲಿ ಯಾರೂ ಆಡದ ಮಾತು ಹಿತ್ತಲಿನಲ್ಲಿ, ಊರಿಗೆಲ್ಲ ಕೇಳುವ ಹಾಗೆ ಹೊರಗೆ ಬಿತ್ತು. “ಭಯ ಕಣವ್ವ. ಹಗಲೂ ರಾತ್ರಿ ಭಯ. ಸಾಯಬೇಕು ಅನ್ಸ್ತದಾ ನಿನಗೆ? ಹೇಳ್ಬುಡು!”

ಅನಂತರಾಜು ಬೇಲಿಯ ಗೂಟ ಹಿಡಿದುಕೊಂಡ.

“ಅನ್ಸಿತ್ತು ಅತ್ತೆ,” ಎಂದಳು ರಾಧಾಮಣಿ. “ಮೊದಲು ದಿನಾ ಅನ್ಸೋದು. ಈಗ ದಿನಾ ಇಲ್ಲ, ಒಂದೊಂದಿನ. ನಿನ್ನೆ ಆ ಚಂದ್ರಿಕೆ ನೋಡ್ದಾಗ ಒಸಿ ಅನ್ಸ್ತು, ಇಷ್ಟು ಜನ ನನ್ನಿಂದ ನಾಟಕ ಆಡೋ ಹಂಗಾಯ್ತಲ್ಲ ಅಂತ. ಅನ್ಸಿದ್ ದಿನ ನಾನೇ ಬಂದು ಹೇಳ್ತೀನಿ. ನೀವೂ ಕೇಳಿ. ಹಿಂಗೇ ಬಾಯ್ಬುಟ್ಟು ಕೇಳಿ.”

ಸರಸಮ್ಮ ಮಣ್ಣಿನಲ್ಲೇ ಕುಳಿತು ಸೊಸೆಯ ಕೈಗಳನ್ನು ಹಿಡಿದುಕೊಂಡಳು. ಸುಣ್ಣ ಮೆತ್ತಿದ ಕೈ. ಅದನ್ನು ಸೆರಗಿನಿಂದ ಒರೆಸಿದಳು. “ಇನ್ಮೇಲೆ ಮೊದಲ್ನೇ ಸೊಪ್ಪು ನಾನೇ ಹಾಕ್ತೀನಿ. ಹೋದ್ರೆ ನನ್ ಕೈಲೇ ಹೋಗ್ಲಿ.”

“ಫೋನು ಕೊಡ್ರೀ,” ಎಂದಳು ರಾಧಾಮಣಿ ಗಂಡನಿಗೆ. “ಹೊಸ ಯೂನಿಟ್ಟು ಈಗ ಬೇಡ ಅಂತ ಹೇಳ್ಬೇಕು. ಆಮೇಲಿಂದು ಆಮೇಲೆ.”

“ಅದು... ಅದು ಎಲ್ಲೈತೆ ಅಂದ್ರೆ...”

“ಅಕ್ಕಿ ಡಬ್ಬದಲ್ಲೈತೆ. ಗೊತ್ತು.”

ಮುಂದಿನ ಬುಧವಾರ ರಾಧಾಮಣಿ ಎಲ್ಲವನ್ನೂ ಫಿರೋಜಾ ಮೇಡಂಗೆ ಹೇಳಿದಳು. ಅದರ ಮುಂದಿನ ಬುಧವಾರ, ಅದರ ಮುಂದಿನದೂ ಹೋದಳು. ಕಾರ್ಖಾನೆಗೆ ರಜೆ ಮುಂದುವರಿಸಿದಳು. ಒಂದು ಸಂಜೆ ಮಾತ್ರ ಅಡುಗೆಮನೆಯ ಬಾಗಿಲಿಗೆ ಬಂದು, “ಅತ್ತೆ, ಇವತ್ತು ಒಸಿ ಜಾಸ್ತಿ ಐತೆ” ಎಂದಳು. ಸರಸಮ್ಮ ಒಲೆ ಆರಿಸಿ, ಅವಳ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಕುಳಿತಳು. ರಾತ್ರಿ ಬೋರಲಿಂಗಯ್ಯನೇ ಉಪ್ಪಿಟ್ಟು ಮಾಡಿದ. ಉಪ್ಪು ಹೆಚ್ಚಾಗಿತ್ತು.

ಅವರೆಕಾಯಿ ಬರುವ ಹೊತ್ತಿಗೆ ಅವಳು ಕೇಳಿದ್ದು ಒಂದೇ. “ಔಷಧಿ ಡಬ್ಬ ಮಾರಕ್ಕನ ಮನೇಲೇ ಇರ್ಲಿ. ಬಚ್ಚಲುಮನೆ ಚಿಲಕ ಹಾಕ್ಸಿ. ಡಾಕ್ಟ್ರೂ ಹೂಂ ಅಂದವ್ರೆ. ಬಾಗಿಲು ಹಾಕ್ಕೊಂಡು ಒಬ್ಬಳೇ ನೀರು ಹುಯ್ಕೊಂಡು ಎಷ್ಟು ದಿನ ಆಯ್ತು!”

ಅನಂತರಾಜು ಚಿಲಕ ಕೂರಿಸಿದ. ಸ್ಕ್ರೂ ತಿರುಗಿಸುವಾಗ ಎರಡು ಸಲ ಕೈ ಜಾರಿತು. ರಾಧಾಮಣಿ ಟವೆಲು ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿತು.

ನೀರು ಸುರಿಯುವ ಸದ್ದು ಬಂತು. ಬೋರಲಿಂಗಯ್ಯ ಬೀಡಿ ಹಚ್ಚುವ ನೆಪದಲ್ಲಿ ಹಿತ್ತಲ ಬಾಗಿಲಿಗೆ ಬಂದ. ಶ್ವೇತ ಪುಸ್ತಕ ಹಿಡಿದು ಬಂದಳು. ಸರಸಮ್ಮ ಅವರೆಕಾಯಿಯ ಮೊರ ಹಿಡಿದು ಬಂದಳು. ಅನಂತರಾಜು ಹೋಗಿಯೇ ಇರಲಿಲ್ಲ.

ನೀರಿನ ಸದ್ದು ನಿಂತಿತು.

ಚೊಂಬಿನ ಸದ್ದಿಲ್ಲ, ಬಳೆಯ ಸದ್ದಿಲ್ಲ. ಅನಂತರಾಜು ಬಾಗಿಲಿಗೆ ಕೈಯಿಡಲು ಹೋದ, ಅಪ್ಪ ಬೇಡವೆಂದು ಕಣ್ಣು ಸನ್ನೆ ಮಾಡಿದ.

“ಎಲ್ಲರೂ ಅಲ್ಲೇ ನಿಂತಿದ್ದೀರೇನು?” ಒಳಗಿನಿಂದ ದನಿ ಬಂತು.

ಅನಂತರಾಜು “ಇಲ್ಲ” ಎನ್ನಲು ಬಾಯಿ ತೆರೆದ. ಸರಸಮ್ಮ ಅವನ ತೋಳು ಹಿಡಿದು ತಡೆದಳು.

“ಹೂಂ ಕಣವ್ವ. ಎಲ್ಲಾ ನಿಂತಿದ್ದೀವಿ,” ಎಂದಳು. “ಭಯ ಆಯ್ತದೆ.”

ಒಳಗೆ ಚೊಂಬು ಹಂಡೆಗೆ ತಗುಲಿದ ಸದ್ದಾಯಿತು.

“ನಿಂತಿರಿ ಅತ್ತೆ. ಇನ್ನೆರಡು ಚೊಂಬು ಹುಯ್ಕೊಂಡು ಬತ್ತೀನಿ.”

ಮತ್ತೆ ನೀರು ಸುರಿಯುವ ಸದ್ದು ಶುರುವಾಯಿತು. ಸರಸಮ್ಮ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಅವರೆಕಾಯಿ ಬಿಡಿಸತೊಡಗಿದಳು.